ಅಪಘಾತಕ್ಕೆ ಅಜಾಗರೂಕತೆಯೇ ಕಾರಣವೆ?

ಕಾರ್ಖಾನೆ, ಗಣಿ, ಕಟ್ಟಡ ಕಾಮಗಾರಿ, ಒಳಚರಂಡಿ, ಕೆಲಸದ ಜಾಗ ಯಾವುದೇ ಇರಲಿ, ಅಲ್ಲೊಂದು ಅವಘಡ ನಡೆದ ಮೇಲೆ ಕಾರಣ ಎಂದು ಬರೆಯುವ ಕಡೆ ಬಹುಮಟ್ಟಿಗೆ ಕಾಣುವುದು ಒಂದೇ ಮಾತು: ಕಾರ್ಮಿಕನ ಅಜಾಗರೂಕತೆ. ಹೀಗೆ ನಂಬುವವರು ಆಡಳಿತದವರು ಮಾತ್ರವಲ್ಲ. ಜೊತೆಯಲ್ಲಿ ದುಡಿಯುವವರೂ ಮನೆಯವರೂ, ಎಷ್ಟೋ ಸಲ ಬೆರಳು ಕಳೆದುಕೊಂಡವನೂ ತನ್ನದೇ ತಪ್ಪು ಎಂದುಬಿಡುತ್ತಾರೆ. ಈ ನಂಬಿಕೆಯ ಹಿಂದೆ ಒಂದು ತರ್ಕವಿದೆ. ಯಂತ್ರ ತಾನಾಗಿ ಯಾರ ಮೇಲೂ ಎರಗುವುದಿಲ್ಲ. ಅವಘಡದ ಕೊನೆಯ ಗಳಿಗೆಯಲ್ಲಿ ಯಾರೋ ಒಬ್ಬರು ಕೈ ಇಡಬಾರದ ಕಡೆ ಕೈ ಇಟ್ಟಿರುತ್ತಾರೆ, ಹಾಕಬೇಕಾದ ಬೆಲ್ಟ್ ಹಾಕದೆ ಸಾರುವೆ ಹತ್ತಿರುತ್ತಾರೆ. ಅದೇ ಯಂತ್ರದ ಮುಂದೆ ಇಪ್ಪತ್ತು ವರ್ಷ ದುಡಿದು ಒಂದು ಗೀರೂ ಆಗದೆ ನಿವೃತ್ತರಾದವರು ಇದ್ದಾರೆ. 1948ರ ಕಾರ್ಖಾನೆ ಕಾಯ್ದೆಯ 111ನೆಯ ಕಲಮು ಕೂಡ ತನಗಾಗಲಿ ಇತರರಿಗಾಗಲಿ ಅಪಾಯ ತರುವಂತೆ ನಡೆದುಕೊಳ್ಳಬಾರದು ಎಂದು ಕಾರ್ಮಿಕನಿಗೆ ಕರ್ತವ್ಯ ವಿಧಿಸಿತು. ಆದ್ದರಿಂದ ಮನುಷ್ಯ ಎಚ್ಚರದಿಂದಿದ್ದರೆ ಅಪಘಾತಗಳು ತಾವಾಗಿ ಇಳಿಯುತ್ತವೆ. ಬೇಕಾದದ್ದು ತರಬೇತಿ, ಎಚ್ಚರಿಕೆಯ ಫಲಕ, ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದ ಪ್ರತಿಜ್ಞೆ ಮತ್ತು ತಪ್ಪಿದವರಿಗೆ ದಂಡ. ವಾದದ ಒಟ್ಟು ಸಾರ ಇಷ್ಟು. ಇದರಲ್ಲಿನ ಒಂದೊಂದು ಸಂಗತಿಯೂ ನಿಜ. ಆದರೆ ಅವುಗಳಿಂದ ತೆಗೆದ ತೀರ್ಮಾನ ತಪ್ಪು, ಮತ್ತು ಆ ತಪ್ಪಿಗೆ ತೆರುವ ಬೆಲೆ ಕೈಕಾಲು, ಪ್ರಾಣ.

ಈ ನಂಬಿಕೆಗೆ ಅಂಕಿಅಂಶದ ಬಲ ಕೊಟ್ಟವನು ಅಮೆರಿಕದ ಟ್ರಾವೆಲರ್ಸ್ ವಿಮಾ ಕಂಪನಿಯ ಎಚ್. ಡಬ್ಲ್ಯು. ಹೈನ್‌ರಿಚ್. 1931ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವನು ಅಪಘಾತಗಳಲ್ಲಿ ಶೇ. 88 ಮನುಷ್ಯರ ಅಸುರಕ್ಷಿತ ನಡವಳಿಕೆಯಿಂದ, ಶೇ. 10 ಅಸುರಕ್ಷಿತ ಪರಿಸ್ಥಿತಿಯಿಂದ ಆಗುತ್ತವೆ, ಉಳಿದ ಶೇ. 2 ತಡೆಯಲಾಗದವು ಎಂದು ವಿಂಗಡಿಸಿದ. ಆ ವಿಂಗಡಣೆ ಇಂದಿಗೂ ಸುರಕ್ಷತಾ ತರಬೇತಿಗಳಲ್ಲಿ ಕೇಳಿಬರುತ್ತದೆ. ಅದು ಹುಟ್ಟಿದ ಬಗೆಯನ್ನು ಗಮನಿಸಬೇಕು. ಹೈನ್‌ರಿಚ್ ಆಧರಿಸಿದ್ದು ವಿಮಾ ಕಡತಗಳನ್ನು ಮತ್ತು ಕಾರ್ಖಾನೆ ಮಾಲೀಕರ ದಾಖಲೆಗಳನ್ನು. ಅಂಥ ದಾಖಲೆಗಳಲ್ಲಿ ಕಾರಣ ಬರೆಯುವವರು ಸಾಮಾನ್ಯವಾಗಿ ಮೇಲ್ವಿಚಾರಕರು. ಕಾರ್ಮಿಕನ ತಪ್ಪು ಎಂದು ಬರೆದರೆ ಅವರ ಮೇಲೆ ಯಾವ ಪ್ರಶ್ನೆಯೂ ಏಳುವುದಿಲ್ಲ. ಯಂತ್ರಕ್ಕೆ ಗಾರ್ಡ್ (ರಕ್ಷಣಾ ಕವಚ) ಇರಲಿಲ್ಲ ಎಂದು ಬರೆದರೆ ಅದು ಅವರ ಕೊರಳಿಗೇ ಬರುತ್ತದೆ. ಎರಡನೆಯದಾಗಿ, ಒಂದು ಅಪಘಾತಕ್ಕೆ ಒಂದೇ ಕಾರಣ ಎಂದು ಮೊದಲೇ ಗೊತ್ತುಮಾಡಿಕೊಂಡು ಎಣಿಸಿದರೆ, ನಡವಳಿಕೆ ಮತ್ತು ಪರಿಸ್ಥಿತಿ ಎರಡೂ ಕೂಡಿದ ಪ್ರಕರಣ ಒಂದೇ ಪಟ್ಟಿಗೆ ಸೇರುತ್ತದೆ, ಇನ್ನೊಂದರಿಂದ ಮಾಯವಾಗುತ್ತದೆ. ಹಾಗಾಗಿ ಆ ಶೇ. 88 ತಿಳಿಸುವುದು ಅಪಘಾತಗಳು ಏಕೆ ಆದವು ಎಂಬುದಕ್ಕಿಂತ ಹೆಚ್ಚಾಗಿ, ಅವುಗಳಿಗೆ ಯಾವ ಹೆಸರು ಕೊಡಲಾಯಿತು ಎಂಬುದನ್ನು. ಭೌತಿಕ ಅಪಾಯಗಳನ್ನು ಸರಿಪಡಿಸದ ಯಾವ ಸುರಕ್ಷತಾ ಕ್ರಮವೂ ಪೂರ್ಣವಲ್ಲ ಎಂದು ಹೈನ್‌ರಿಚ್ ಹೇಳಿದ್ದ. ಅವನ ಅಂಕಿಗಳನ್ನು ಎತ್ತಿ ಹೇಳುವವರು ಈ ಮಾತನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಗೊಂದಲದ ಮೂಲ, ಕೊನೆಯ ಕ್ರಿಯೆಯನ್ನೇ ಕಾರಣ ಎಂದು ತಿಳಿಯುವುದರಲ್ಲಿದೆ. ತಗಡು ಕೆಲಸದ ಸಣ್ಣ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿರುವ ಪವರ್ ಪ್ರೆಸ್ಸನ್ನೇ ತೆಗೆದುಕೊಳ್ಳಬಹುದು. ಆಪರೇಟರ್ ತಗಡಿನ ತುಂಡನ್ನು ಕೆಳಗಿನ ಡೈ (ಅಚ್ಚು) ಮೇಲೆ ಇಡುತ್ತಾನೆ, ಕೈ ಹಿಂದಕ್ಕೆಳೆದು ಪೆಡಲ್ ತುಳಿಯುತ್ತಾನೆ, ಮೇಲಿನ ಡೈ ಇಳಿದು ಒತ್ತಿ ಏರುತ್ತದೆ, ತಯಾರಾದ ತುಂಡನ್ನು ತೆಗೆದು ಮುಂದಿನದನ್ನು ಇಡುತ್ತಾನೆ. ಒಂದು ಸುತ್ತಿಗೆ ಐದು ಸೆಕೆಂಡು ಎಂದಿಟ್ಟುಕೊಂಡರೂ ಗಂಟೆಗೆ 720, ಎಂಟು ಗಂಟೆಯ ಪಾಳಿಗೆ 5,760, ವರ್ಷಕ್ಕೆ 300 ದಿನ ದುಡಿದರೆ 17,28,000 ಸಲ ಅವನ ಕೈ ಡೈಗಳ ನಡುವೆ ಹೋಗಿ ಬರುತ್ತದೆ. ಕೈ ಮತ್ತು ಕಾಲಿನ ಹೊಂದಾಣಿಕೆ ಹತ್ತು ಲಕ್ಷ ಸಲಕ್ಕೆ ಒಮ್ಮೆ ಮಾತ್ರ ತಪ್ಪುತ್ತದೆ ಎಂದು ಭಾವಿಸೋಣ. ಇಷ್ಟು ನಿಖರವಾಗಿ ಕೆಲಸ ಮಾಡುವ ಮನುಷ್ಯ ಬೇರೆ ಯಾವ ಕಸುಬಿನಲ್ಲೂ ಸಿಗಲಾರ. ಆದರೂ ವರ್ಷಕ್ಕೆ ಸರಾಸರಿ ಒಂದಕ್ಕಿಂತ ಹೆಚ್ಚು ಸಲ ಆ ತಪ್ಪು ಆಗುತ್ತದೆ. ಇದಲ್ಲದೆ ಹಳೆಯ ಕೀ ಕ್ಲಚ್ಚಿನ ಪ್ರೆಸ್ಸುಗಳಲ್ಲಿ ಕ್ಲಚ್ ಒಮ್ಮೆ ಹಿಡಿಯಿತೆಂದರೆ ಸುತ್ತು ಮುಗಿಯುವ ತನಕ ಡೈಯನ್ನು ಮಧ್ಯೆ ನಿಲ್ಲಿಸುವಂತಿಲ್ಲ. ಕೀ ಅಥವಾ ಸ್ಪ್ರಿಂಗ್ ಸವೆದರೆ ಪೆಡಲ್ ತುಳಿಯದೆಯೂ ಡೈ ಎರಡನೆಯ ಸಲ ಇಳಿಯಬಹುದು. ಅಂಥ ಪ್ರೆಸ್ಸಿಗೆ ಸೆನ್ಸರ್ ಕೂಡಿಸಿದರೂ ಫಲವಿಲ್ಲ, ಏಕೆಂದರೆ ಕೈಯನ್ನು ಗುರುತಿಸಿದ ಮೇಲೂ ಯಂತ್ರಕ್ಕೆ ನಿಲ್ಲುವ ಶಕ್ತಿ ಇರುವುದಿಲ್ಲ. ಬೆರಳು ಹೋದ ದಿನ ಕೈ ಒಳಗಿತ್ತು ಎಂಬುದು ನಿಜ. ಆದರೆ ಕೈ ಒಳಗೆ ಹೋಗಲೇಬೇಕಾದ ಹಾಗೆ ಕೆಲಸವನ್ನು ಏರ್ಪಡಿಸಿದ್ದು ಯಾರು ಎಂಬ ಪ್ರಶ್ನೆಯನ್ನು ಅಜಾಗರೂಕತೆ ಎಂಬ ಉತ್ತರ ಮುಚ್ಚಿಹಾಕುತ್ತದೆ. ಎರಡೂ ಕೈಗಳಿಂದ ಒಟ್ಟಿಗೆ ಎರಡು ಗುಂಡಿ ಒತ್ತಿದರೆ ಮಾತ್ರ ಇಳಿಯುವ ಪ್ರೆಸ್ಸಿನಲ್ಲಿ, ಅಥವಾ ಗಾರ್ಡ್ ಮುಚ್ಚದೆ ಓಡದ ಪ್ರೆಸ್ಸಿನಲ್ಲಿ, ಅದೇ ಮನುಷ್ಯ ಅಷ್ಟೇ ಮೈಮರೆತರೂ ಅವನ ಬೆರಳು ಉಳಿಯುತ್ತದೆ.

ಇಲ್ಲಿಂದ ಮುಂದಿನ ಹೆಜ್ಜೆ ಸುಲಭ. ಯಾವ ಸಂಗತಿ ಎಲ್ಲ ಕಡೆ, ಎಲ್ಲ ಕಾಲದಲ್ಲೂ ಒಂದೇ ಪ್ರಮಾಣದಲ್ಲಿ ಇರುತ್ತದೆಯೋ ಅದು ವ್ಯತ್ಯಾಸಕ್ಕೆ ಕಾರಣವಾಗಲಾರದು. ಮೈಮರೆವು, ಆಯಾಸ, ಅಭ್ಯಾಸಬಲ, ಮನೆಯ ಚಿಂತೆ ದುಡಿಯುವ ಎಲ್ಲರಲ್ಲೂ ಇವೆ. ಒಂದೇ ಬಗೆಯ ಕೆಲಸದಲ್ಲಿ ಒಂದು ಕಾರ್ಖಾನೆ ವರ್ಷಕ್ಕೆ ಹತ್ತು ಕೈ ಕಳೆದು, ಇನ್ನೊಂದು ಒಂದನ್ನೂ ಕಳೆಯದಿದ್ದರೆ, ಮೊದಲನೆಯದರ ಕಾರ್ಮಿಕರು ಹುಟ್ಟಾ ಬೇಜವಾಬ್ದಾರರು ಎನ್ನುವುದು ವಿವರಣೆಯಲ್ಲ. ಇತಿಹಾಸದಲ್ಲಿ ಇದಕ್ಕೆ ಸ್ಪಷ್ಟ ಪರೀಕ್ಷೆಯೊಂದು ನಡೆದಿದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ರೈಲು ಬೋಗಿಗಳನ್ನು ಜೋಡಿಸಲು ಕೆಲಸಗಾರ ಚಲಿಸುತ್ತಿರುವ ಎರಡು ಬೋಗಿಗಳ ನಡುವೆ ನಿಂತು ಕೊಂಡಿಯನ್ನು ಕೈಯಿಂದ ಹಿಡಿದು ಪಿನ್ ಇಳಿಸಬೇಕಿತ್ತು. ಬೆರಳು, ಕೈ, ಜೀವ ಹೋಗುವುದು ಆ ಕಸುಬಿನ ಭಾಗವೇ ಆಗಿತ್ತು. ದೋಷ ಕೆಲಸಗಾರರ ತಲೆಗೇ ಬರುತ್ತಿತ್ತು. ಬೋಗಿಗಳು ಮುಟ್ಟಿದೊಡನೆ ತಾವಾಗಿ ಕೂಡಿಕೊಳ್ಳುವ ಕೊಂಡಿಗೆ 1873ರಲ್ಲೇ ಪೇಟೆಂಟ್ ದೊರೆತಿದ್ದರೂ ಅದು ಕಡ್ಡಾಯವಾದದ್ದು 1893ರ ಫೆಡರಲ್ ಕಾನೂನಿನಿಂದ. ಪೂರ್ಣವಾಗಿ ಜಾರಿಗೆ ಬಂದದ್ದು 1900ರಲ್ಲಿ. ಆಮೇಲೆ ಬೋಗಿ ಜೋಡಿಸುವಾಗಿನ ಸಾವುನೋವು ಬಹಳವಾಗಿ ಇಳಿಯಿತು. ಆ ಕೆಲವು ವರ್ಷಗಳಲ್ಲಿ ಕೆಲಸಗಾರರ ಸ್ವಭಾವ ಬದಲಾಗಿರಲಿಲ್ಲ, ಕೊಂಡಿ ಬದಲಾಗಿತ್ತು. ಎರಡನೆಯ ಮಹಾಯುದ್ಧದ ಬಿ-17 ವಿಮಾನಗಳದ್ದೂ ಇದೇ ಪಾಠ. ನೆಲಕ್ಕಿಳಿದ ಮೇಲೆ ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಎತ್ತಲು ಹೋಗಿ ಚಕ್ರಗಳನ್ನೇ ಮಡಚುತ್ತಿದ್ದರು. ಮನಶ್ಶಾಸ್ತ್ರಜ್ಞ ಆಲ್ಫಾನ್ಸ್ ಶಪಾನಿಸ್ ನೋಡಿದಾಗ ಎರಡಕ್ಕೂ ಒಂದೇ ಬಗೆಯ ಸ್ವಿಚ್ಚುಗಳು ಅಕ್ಕಪಕ್ಕದಲ್ಲಿದ್ದವು. ಚಕ್ರದ ಹಿಡಿಗೆ ಸಣ್ಣ ಗಾಲಿಯ ಆಕಾರ ಕೊಟ್ಟು ಕೈಗೇ ವ್ಯತ್ಯಾಸ ತಿಳಿಯುವಂತೆ ಮಾಡಿದ ಮೇಲೆ ಆ ತಪ್ಪು ನಿಂತಿತು. ಪೈಲಟ್‌ಗಳಿಗಿಂತ ಹೆಚ್ಚು ತರಬೇತಿ ಪಡೆದ, ಪ್ರಾಣದ ಮೇಲೆ ಹೆಚ್ಚು ಆಸೆಯಿಟ್ಟ ಆಪರೇಟರ್ ಬೇರೆ ಇರಲಾರ. ಅವರಿಗೂ ಎಚ್ಚರಿಕೆಯೊಂದೇ ಸಾಲಲಿಲ್ಲ.

ತಪ್ಪಿಹೋಗುವುದು ಬೇರೆ, ಬೇಕೆಂದೇ ನಿಯಮ ಮೀರುವುದು ಬೇರೆ. ಗಾರ್ಡನ್ನು ಕಾರ್ಮಿಕನೇ ಕಳಚಿಟ್ಟಿದ್ದರೆ ಏನು ಹೇಳಬೇಕು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಗಾರ್ಡ್ ಕಳಚುವುದೂ ಎರಡು ಗುಂಡಿಗಳಲ್ಲಿ ಒಂದನ್ನು ಒತ್ತಿಹಿಡಿದು ಕಟ್ಟಿಹಾಕುವುದೂ ಇಲ್ಲದ ಸಂಗತಿಗಳಲ್ಲ. ಆದರೆ ಹಾಗೆ ಮಾಡುವುದರಿಂದ ಕಾರ್ಮಿಕನಿಗೆ ದೊರೆಯುವುದೇನು ಎಂದು ನೋಡಬೇಕು. ಗಾರ್ಡ್ ಇದ್ದರೆ ಗಂಟೆಗೆ 500 ತುಂಡು, ಇಲ್ಲದಿದ್ದರೆ 700 ಎಂದಾದರೆ, ಮತ್ತು ದಿನದ ಟಾರ್ಗೆಟ್ಟನ್ನು ಗಾರ್ಡ್ ಇಲ್ಲದ ವೇಗಕ್ಕೆ ನಿಗದಿಮಾಡಿದ್ದರೆ, ಗಾರ್ಡ್ ತೆಗೆಯಬೇಡ ಎಂಬ ಫಲಕ ಗೋಡೆಯ ಮೇಲೂ ತೆಗೆ ಎಂಬ ಆದೇಶ ಉತ್ಪಾದನೆಯ ಲೆಕ್ಕದಲ್ಲೂ ಇರುತ್ತದೆ. ಎರಡು ಆದೇಶಗಳಲ್ಲಿ ಸಂಬಳ ತರುವ ಆದೇಶವನ್ನು ಮನುಷ್ಯ ಪಾಲಿಸುತ್ತಾನೆ. ಮೇಲ್ವಿಚಾರಕ ಅದನ್ನು ದಿನವೂ ನೋಡಿ ಸುಮ್ಮನಿದ್ದು, ಬೆರಳು ಹೋದ ದಿನ ಮಾತ್ರ ನಿಯಮ ಓದಿ ಹೇಳಿದರೆ, ಆ ನಿಯಮದ ಉದ್ದೇಶ ರಕ್ಷಣೆಯಾಗಿ ಉಳಿಯುವುದಿಲ್ಲ, ಹೊಣೆ ಜಾರಿಸುವ ಸಾಧನವಾಗುತ್ತದೆ. ಎಲ್ಲರೂ ಮೀರುವ ನಿಯಮ ಎದುರಾದಾಗ ಕೇಳಬೇಕಾದ ಪ್ರಶ್ನೆ ಯಾರು ಮೀರಿದರು ಎಂಬುದಲ್ಲ. ನಿಯಮ ಪಾಲಿಸಿಕೊಂಡು ಕೆಲಸ ಮುಗಿಸಲು ಸಾಧ್ಯವೇ ಎಂಬುದು. ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ ಇದು ಇನ್ನೂ ತೀಕ್ಷ್ಣ. ನಿನ್ನೆ ಸೇರಿದ ಹೆಲ್ಪರ್‌ನನ್ನು ಇಂದು ಯಂತ್ರದ ಮುಂದೆ ನಿಲ್ಲಿಸಿದಾಗ, ಅವನಿಗೆ ಅಪಾಯ ಯಾವುದು ಎಂದು ಗೊತ್ತಿಲ್ಲ. ಗೊತ್ತಾದರೂ ಬೇಡ ಎನ್ನುವ ಬಲ ಅವನಿಗಿಲ್ಲ.

ಮ್ಯಾನ್‌ಹೋಲ್ ಸಾವುಗಳು ಈ ವಿಚಾರದ ಅತ್ಯಂತ ಕಠಿಣ ಸಾಕ್ಷ್ಯ. ಕೊಳೆತ ತ್ಯಾಜ್ಯದಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅನಿಲ ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬೀರುತ್ತದೆ. ಪ್ರಮಾಣ ಏರಿದಾಗ ವಾಸನೆ ಹಿಡಿಯುವ ಶಕ್ತಿಯನ್ನೇ ಮೂಗಿನಿಂದ ಕಸಿದುಕೊಳ್ಳುತ್ತದೆ. ಅಂದರೆ ಅಪಾಯ ಹೆಚ್ಚಾದಷ್ಟೂ ಅದರ ಸುಳಿವು ಕಡಿಮೆ. ಮೊದಲು ಇಳಿದವನು ಪ್ರಜ್ಞೆ ತಪ್ಪಿ ಬೀಳುತ್ತಾನೆ. ಅವನನ್ನು ಎಳೆದು ತರಲು ಎರಡನೆಯವನು, ಅವನಿಗಾಗಿ ಮೂರನೆಯವನು ಇಳಿಯುತ್ತಾನೆ. ಜೊತೆಗಾರನನ್ನು ಉಳಿಸಲು ಇಳಿದವನನ್ನು ಅಜಾಗರೂಕ ಎನ್ನಲು ಯಾರಿಗೂ ಬಾಯಿ ಬರಲಾರದು. ಇಲ್ಲಿ ಎಚ್ಚರದಿಂದಿರು ಎಂಬ ಉಪದೇಶಕ್ಕೆ ಅರ್ಥವೇ ಇಲ್ಲ, ಏಕೆಂದರೆ ಎಚ್ಚರ ವಹಿಸಲು ಬೇಕಾದ ಇಂದ್ರಿಯವೇ ಕೈಕೊಡುತ್ತದೆ. ಬೇಕಾದದ್ದು ಮನುಷ್ಯ ಇಳಿಯದಂತೆ ಮಾಡುವ, ನೀರಿನ ರಭಸದಿಂದ ಚರಂಡಿ ತೊಳೆಯುವ ಜೆಟ್ಟಿಂಗ್ ಯಂತ್ರ. ಇಳಿಯಲೇಬೇಕಾದ ಅಪರೂಪದ ಸಂದರ್ಭದಲ್ಲಿ ಅನಿಲ ಅಳೆಯುವ ಉಪಕರಣ, ಗಾಳಿಯ ಪೂರೈಕೆ, ಮೇಲಿನಿಂದಲೇ ಎತ್ತುವ ಹಗ್ಗದ ವ್ಯವಸ್ಥೆ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ರಕ್ಷಣೆಯಿಲ್ಲದೆ ಚರಂಡಿಗೆ ಇಳಿಸುವುದನ್ನು ನಿಷೇಧಿಸಿತು. ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಇಂಥ ಸಾವಿಗೆ 10 ಲಕ್ಷ ರೂಪಾಯಿ, 2023ರಲ್ಲಿ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ನ್ಯಾಯಾಲಯ ಹೊಣೆಯನ್ನು ಇಳಿದವನ ಮೇಲಲ್ಲ, ಇಳಿಸಿದ ವ್ಯವಸ್ಥೆಯ ಮೇಲೆ ಇಟ್ಟಿತು ಎಂಬುದು ಗಮನಾರ್ಹ.

ಅಜಾಗರೂಕತೆಗೆ ಜೋಡಿಯಾಗಿ ಇನ್ನೊಂದು ವಿವರಣೆ ಬರುವುದುಂಟು: ಅದು ತಡೆಯಲಾಗದ್ದು, ಹಣೆಬರಹ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಕೋಲಾರದ ಚಿನ್ನದ ಗಣಿಗಳಲ್ಲಿ ಒತ್ತಡಕ್ಕೆ ಸಿಕ್ಕ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವುದನ್ನು ಹಾಗೆ ಭಾವಿಸಬಹುದಿತ್ತು. ಆದರೆ ಅಲ್ಲಿನ ಎಂಜಿನಿಯರುಗಳು ಮರದ ಆಸರೆಗಳ ಬದಲು ಗ್ರಾನೈಟ್ ಕಲ್ಲಿನ ಗೋಡೆ ಕಟ್ಟಿಸಿದರು, ಅದಿರು ತೆಗೆಯುವ ಕ್ರಮವನ್ನೇ ಬದಲಿಸಿದರು, ನೆಲದೊಳಗಿನ ಕಂಪನಗಳನ್ನು ಅಳೆದು ದಾಖಲಿಸಿದರು. ಬಂಡೆ ಸಿಡಿಯುವುದು ಪೂರ್ತಿ ನಿಲ್ಲಲಿಲ್ಲ. ಆದರೆ ವಿಧಿ ಎಂದು ಕೈಚೆಲ್ಲಬಹುದಾಗಿದ್ದ ಸಂಗತಿ ವಿಧಾನದ ಪ್ರಶ್ನೆಯಾಯಿತು. ತಪ್ಪಿತಸ್ಥನ ಹೆಸರು ಹೇಳುವುದೂ ವಿಧಿಯ ಹೆಸರು ಹೇಳುವುದೂ ಒಂದೇ ಕೆಲಸ ಮಾಡುತ್ತವೆ: ವಿಚಾರಣೆಯನ್ನು ಅಲ್ಲಿಗೇ ನಿಲ್ಲಿಸುತ್ತವೆ.

ಈ ನಿಲುವಿಗೆ ಬರುವ ಆಕ್ಷೇಪಗಳನ್ನು ಒಂದೊಂದಾಗಿ ತೂಗಬೇಕು.

1. ನಿಜವಾದ ನಿರ್ಲಕ್ಷ್ಯವೂ ಇರುತ್ತದಲ್ಲವೆ? ಇರುತ್ತದೆ. 1987ರ ಮಾರ್ಚ್ 6ರಂದು ಬೆಲ್ಜಿಯಂನ ಝೀಬ್ರುಗ್ಗೆ ಬಂದರಿನಿಂದ ಹೊರಟ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಎಂಬ ಹಡಗು ಮುಂಭಾಗದ ಬಾಗಿಲು ತೆರೆದೇ ಇದ್ದುದರಿಂದ ಮಗುಚಿತು. 193 ಜನ ಸತ್ತರು. ಬಾಗಿಲು ಮುಚ್ಚಬೇಕಿದ್ದ ನೌಕರ ತನ್ನ ಕೋಣೆಯಲ್ಲಿ ನಿದ್ದೆಹೋಗಿದ್ದ. ಇದಕ್ಕಿಂತ ಸ್ಪಷ್ಟವಾದ ತಪ್ಪು ಬೇಕಿಲ್ಲ. ಆದರೆ ಬಾಗಿಲು ಮುಚ್ಚಿದೆಯೇ ಎಂದು ತಿಳಿಸುವ ದೀಪವನ್ನು ಹಡಗು ನಡೆಸುವ ಕೊಠಡಿಯಲ್ಲಿ ಹಾಕಿಸಿ ಎಂದು ಆ ಕಂಪನಿಯ ಕಪ್ತಾನರು ಮೊದಲೇ ಕೇಳಿದ್ದರು, ಕಂಪನಿ ಅದನ್ನು ತಳ್ಳಿಹಾಕಿತ್ತು. ನಿದ್ದೆಹೋದವನ ತಪ್ಪು ಒಪ್ಪಿದ ಮೇಲೂ, ಒಬ್ಬನ ನಿದ್ದೆಯ ಮೇಲೆ ನೂರಾರು ಜನರ ಜೀವ ನಿಂತಿದ್ದ ಏರ್ಪಾಡು ಯಾರದು ಎಂಬ ಪ್ರಶ್ನೆ ಉಳಿಯುತ್ತದೆ. ಭೋಪಾಲದ ವಿಷಾನಿಲ ದುರಂತದ ವಿಷಯದಲ್ಲೂ ಹೀಗೆಯೇ. 1984ರ ಡಿಸೆಂಬರ್ 2-3ರ ರಾತ್ರಿ ವಿಷ ರಾಸಾಯನಿಕದ ಟ್ಯಾಂಕಿಗೆ ನೀರು ಸೇರಿದ್ದು ಒಬ್ಬ ನೌಕರನ ಕೈವಾಡ ಎಂದು ಕಾರ್ಖಾನೆಯ ಮಾಲೀಕ ಕಂಪನಿ ಯೂನಿಯನ್ ಕಾರ್ಬೈಡ್ ವಾದಿಸಿತು. ವಾದಕ್ಕಾಗಿ ಒಪ್ಪಿದರೂ, ಟ್ಯಾಂಕನ್ನು ತಂಪಾಗಿಡುವ ವ್ಯವಸ್ಥೆ ತಿಂಗಳುಗಳಿಂದ ನಿಂತಿದ್ದುದಕ್ಕೂ, ಅನಿಲ ಸುಡುವ ಗೋಪುರದ ಪೈಪ್ ಕಳಚಿಟ್ಟಿದ್ದುದಕ್ಕೂ, ನೀರಿನ ಪರದೆ ಸೋರಿಕೆಯ ಎತ್ತರ ಮುಟ್ಟದೆ ಹೋದುದಕ್ಕೂ ಆ ಒಂದು ಕೈ ಉತ್ತರವಾಗುವುದಿಲ್ಲ.

2. ಹಾಗಾದರೆ ಯಾರಿಗೂ ಹೊಣೆ ಇಲ್ಲವೆ? ಇದೆ, ಮತ್ತು ಅಧಿಕಾರಕ್ಕೆ ತಕ್ಕಷ್ಟು ಇದೆ. 1923ರ ಕಾರ್ಮಿಕರ ಪರಿಹಾರ ಕಾಯ್ದೆ ಈ ಭೇದವನ್ನು ಆಗಲೇ ಕಂಡಿತ್ತು: ಬರೀ ಅಜಾಗರೂಕತೆ ಎಂಬ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿರಲಿಲ್ಲ; ಕುಡಿತ, ಉದ್ದೇಶಪೂರ್ವಕ ಆಜ್ಞೋಲ್ಲಂಘನೆ, ಉದ್ದೇಶಪೂರ್ವಕವಾಗಿ ಗಾರ್ಡ್ ತೆಗೆಯುವುದು ಇಂಥ ಸಂದರ್ಭಗಳಲ್ಲಿ ಮಾತ್ರ ಮಾಲೀಕನಿಗೆ ವಿನಾಯಿತಿ ಇತ್ತು. ಮುಂದೆ ತಂದ ತಿದ್ದುಪಡಿಗಳಿಂದ, ಸಾವು ಅಥವಾ ಶಾಶ್ವತ ಪೂರ್ಣ ಅಂಗವಿಕಲತೆ ಒದಗಿದರೆ ಆ ವಿನಾಯಿತಿಯೂ ಇಲ್ಲವಾಯಿತು. ಹೊಣೆ ಹಂಚುವುದು ಒಂದು ಕೆಲಸ, ಮುಂದಿನ ಅಪಘಾತ ತಡೆಯುವುದು ಇನ್ನೊಂದು. ಮೊದಲನೆಯದನ್ನು ಮುಗಿಸಿ ಎರಡನೆಯದೂ ಮುಗಿಯಿತು ಎಂದುಕೊಳ್ಳುವುದೇ ದೋಷ.

3. ರಕ್ಷಣೆ ಹೆಚ್ಚಿದಷ್ಟೂ ಜನ ಅಸಡ್ಡೆ ಮಾಡುವುದಿಲ್ಲವೆ? ಸ್ವಲ್ಪಮಟ್ಟಿಗೆ ಮಾಡಬಹುದು. ಆದರೆ ಗಾರ್ಡ್ ಮುಚ್ಚದೆ ಓಡದ ಯಂತ್ರದಲ್ಲಿ ಅಸಡ್ಡೆಯಿಂದ ಕೈ ಒಳಹೋಗುವ ದಾರಿಯೇ ಇರುವುದಿಲ್ಲ. ಈ ಆಕ್ಷೇಪ ಹೆಲ್ಮೆಟ್ಟು ಕೈಗವಸುಗಳಂಥ ಮೈಮೇಲಿನ ರಕ್ಷಣೆಗೆ ಹೆಚ್ಚು ಅನ್ವಯಿಸುತ್ತದೆ; ಆದ್ದರಿಂದ ಅವುಗಳನ್ನು ಕೊನೆಯ ಆಸರೆಯಾಗಿ ಇಟ್ಟುಕೊಳ್ಳಬೇಕು.

4. ಸಣ್ಣ ಉದ್ಯಮಗಳಿಗೆ ಈ ವೆಚ್ಚ ತಾಳುವುದೆ? ಇದು ಆಕ್ಷೇಪಗಳಲ್ಲೆಲ್ಲ ಗಟ್ಟಿಯಾದದ್ದು. ಹಳೆಯ ಪ್ರೆಸ್ ಬದಲಿಸಲು ಹಣವಿಲ್ಲದ ಮಾಲೀಕರು ಇದ್ದಾರೆ. ಆದರೆ ಗಾರ್ಡ್ ಹಾಕದಿದ್ದರೆ ವೆಚ್ಚ ಉಳಿಯುವುದಿಲ್ಲ, ಬೇರೆಯವರ ಮೇಲೆ ಬೀಳುತ್ತದೆ: ಬೆರಳಿಲ್ಲದೆ ಊರಿಗೆ ಮರಳಿದವನ ಮನೆ ಅದನ್ನು ಜೀವನವಿಡೀ ತೆರುತ್ತದೆ. ಸಣ್ಣ ಕಾರ್ಖಾನೆಯಿಂದ ಬಿಡಿಭಾಗ ಕೊಳ್ಳುವ ದೊಡ್ಡ ಕಂಪನಿ ಬೆಲೆ ಗೊತ್ತುಮಾಡುವಾಗ ಸುರಕ್ಷಿತ ಯಂತ್ರದ ವೆಚ್ಚವನ್ನೂ ಸೇರಿಸಬೇಕು. ಅಲ್ಲದೆ ಲಾಕ್ ಮಾಡಿದ ಮೇನ್ ಸ್ವಿಚ್, ಡೈ ಬದಲಿಸುವಾಗ ಮೇಲಿನ ಭಾಗಕ್ಕೆ ಕೊಡುವ ಆಸರೆ, ತುಂಡು ಇಡಲು ಉದ್ದ ಚಿಮುಟ, ಇಂಥ ಎಷ್ಟೋ ಕ್ರಮಗಳಿಗೆ ಹೆಚ್ಚು ಹಣ ಬೇಕಿಲ್ಲ.

ಅಜಾಗರೂಕತೆಯ ನಂಬಿಕೆ ಎಣಿಕೆಯನ್ನೂ ಕೆಡಿಸುತ್ತದೆ. ಅಪಘಾತ ಎಂದರೆ ತಪ್ಪು, ತಪ್ಪಿಗೆ ಶಿಕ್ಷೆ ಎಂದಾದಾಗ ಗಾಯ ಮುಚ್ಚಿಡುವುದೇ ಜಾಣತನವಾಗುತ್ತದೆ. ಅಪಘಾತವಿಲ್ಲದ ದಿನಗಳ ಸಂಖ್ಯೆಯನ್ನು ಗೇಟಿನ ಬಳಿ ಬರೆದು ಅದಕ್ಕೆ ಬಹುಮಾನ ಕಟ್ಟಿದರೆ, ಗಾಯಗೊಂಡವನ ಮೇಲೆ ಸುಮ್ಮನಿರುವಂತೆ ಒತ್ತಡ ಹಾಕುವವರು ಅವನ ಜೊತೆಗಾರರೇ ಆಗುತ್ತಾರೆ. ಕೂದಲೆಳೆಯಲ್ಲಿ ತಪ್ಪಿದ ಅವಘಡಗಳ ಸುದ್ದಿ ಮೇಲಕ್ಕೆ ಬರುವುದೇ ಇಲ್ಲ. ಸಣ್ಣ ಗಾಯಗಳ ಸಂಖ್ಯೆ ಇಳಿದರೆ ದೊಡ್ಡ ದುರಂತಗಳೂ ಇಳಿಯುತ್ತವೆ ಎಂಬ ಎಣಿಕೆಯೂ ತಪ್ಪು. 2005ರ ಮಾರ್ಚ್ 23ರಂದು ಟೆಕ್ಸಾಸ್ ಸಿಟಿಯ ಬಿಪಿ ತೈಲ ಶುದ್ಧೀಕರಣಾಗಾರದಲ್ಲಿ ಸ್ಫೋಟವಾಗಿ 15 ಜನ ಸತ್ತರು. ಗಾಯದ ದರ ಕಡಿಮೆ ಇದ್ದುದನ್ನೇ ಇಡೀ ಸ್ಥಾವರದ ಸುರಕ್ಷತೆ ಎಂದು ಕಂಪನಿ ತಪ್ಪಾಗಿ ತಿಳಿದಿತ್ತು ಎಂದು 2007ರ ಪರಿಶೀಲನಾ ಸಮಿತಿ ಹೇಳಿತು. 2010ರ ಏಪ್ರಿಲ್ 20ರಂದು ಡೀಪ್‌ವಾಟರ್ ಹೊರೈಜನ್ ತೈಲ ವೇದಿಕೆ ಸ್ಫೋಟಿಸಿ 11 ಜನ ಸತ್ತ ದಿನ, ಏಳು ವರ್ಷಗಳಿಂದ ಕೆಲಸ ತಪ್ಪಿಸುವಂಥ ಗಾಯ ಒಂದೂ ಆಗದ್ದಕ್ಕೆ ಅಭಿನಂದಿಸಲು ಅಧಿಕಾರಿಗಳು ಅಲ್ಲಿಗೇ ಬಂದಿದ್ದರು. ಎಡವಿ ಬೀಳುವ ಗಾಯಕ್ಕೂ ಅನಿಲ ಸ್ಫೋಟಕ್ಕೂ ಕಾರಣಗಳೇ ಬೇರೆ. ಮೊದಲನೆಯದನ್ನು ಎಣಿಸಿ ಎರಡನೆಯದರ ಸ್ಥಿತಿ ತಿಳಿಯಲಾಗದು. ವಿಮಾನಯಾನ ಬೇರೆ ದಾರಿ ಹಿಡಿಯಿತು: ಅಮೆರಿಕದಲ್ಲಿ ನಾಸಾ 1976ರಿಂದ ನಡೆಸುತ್ತಿರುವ ವ್ಯವಸ್ಥೆಯಲ್ಲಿ ಪೈಲಟ್‌ಗಳು ತಮ್ಮ ತಪ್ಪುಗಳನ್ನು ಗುರುತು ಹೊರಬೀಳುವ ಭಯವಿಲ್ಲದೆ ವರದಿ ಮಾಡಬಹುದು. ತಪ್ಪು ಹೇಳಿಕೊಂಡವನನ್ನು ದಂಡಿಸದ ಕಡೆ ಮಾತ್ರ ತಪ್ಪಿನಿಂದ ಕಲಿಯಲು ಸಾಧ್ಯ.

ಇಷ್ಟರಿಂದ ಹೊರಡುವ ಕ್ರಮ ಹೀಗಿದೆ. ಮೊದಲು ಅಪಾಯವನ್ನೇ ತೆಗೆದುಹಾಕಲು ನೋಡಬೇಕು. ಆಗದಿದ್ದರೆ ಕಡಿಮೆ ಅಪಾಯದ ವಸ್ತುವನ್ನೋ ವಿಧಾನವನ್ನೋ ತರಬೇಕು. ಅದೂ ಆಗದಿದ್ದರೆ ಗಾರ್ಡ್, ಗಾರ್ಡ್ ಮುಚ್ಚದೆ ಯಂತ್ರ ಓಡದಂತೆ ಮಾಡುವ ಇಂಟರ್‌ಲಾಕ್, ಗಾಳಿಯ ವ್ಯವಸ್ಥೆಗಳಿಂದ ಮನುಷ್ಯನನ್ನೂ ಅಪಾಯವನ್ನೂ ದೂರವಿಡಬೇಕು. ನಿಯಮ, ತರಬೇತಿ, ಪಾಳಿಯ ಬದಲಾವಣೆ ಆಮೇಲೆ. ಹೆಲ್ಮೆಟ್, ಬೆಲ್ಟ್, ಮುಖಗವಸು ಎಲ್ಲಕ್ಕಿಂತ ಕೊನೆಗೆ. ರೂಢಿಯಲ್ಲಿರುವ ಪದ್ಧತಿ ಈ ಏಣಿಯನ್ನು ತಲೆಕೆಳಗಾಗಿ ಹತ್ತುತ್ತದೆ. ತರಬೇತಿ ಬೇಡವೆಂದಲ್ಲ, ಅಪಾಯವನ್ನು ಗುರುತಿಸಲು, ಯಂತ್ರ ನಿಲ್ಲಿಸಲು, ದೂರು ಕೊಡಲು ಕಲಿಸುವ ತರಬೇತಿ ಅತ್ಯಗತ್ಯ. ವಿಚಾರಣೆಯೂ ಬದಲಾಗಬೇಕು: ಯಾರು ತಪ್ಪಿದರು ಎಂಬಲ್ಲಿಗೆ ನಿಲ್ಲದೆ, ಆ ತಪ್ಪು ಅಷ್ಟು ದೊಡ್ಡ ಹಾನಿ ಮಾಡಲು ಯಾವ ತಡೆ ಇಲ್ಲದೆ ಹೋಯಿತು, ಅದೇ ಜಾಗದಲ್ಲಿ ಬೇರೊಬ್ಬರಿದ್ದರೂ ಹಾಗೆಯೇ ಆಗುತ್ತಿತ್ತೆ, ಇದರ ಬಗ್ಗೆ ಮೊದಲೇ ಯಾರಾದರೂ ಹೇಳಿದ್ದರೇ, ಹೇಳಿದ ಮೇಲೆ ಏನಾಯಿತು ಎಂದು ಕೇಳಬೇಕು. ಭೋಪಾಲದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಂದ ತಿದ್ದುಪಡಿ ಅಪಾಯಕಾರಿ ಉದ್ದಿಮೆಗಳಲ್ಲಿ ಕಾರ್ಮಿಕರೂ ಕೂಡಿದ ಸುರಕ್ಷತಾ ಸಮಿತಿಯನ್ನು ಕಡ್ಡಾಯ ಮಾಡಿತು, ಸನ್ನಿಹಿತ ಅಪಾಯವನ್ನು ಎತ್ತಿ ಹೇಳುವ ಹಕ್ಕನ್ನು ಕಾರ್ಮಿಕರಿಗೆ ಕೊಟ್ಟಿತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಸಮಿತಿ ಮತ್ತು ಹಕ್ಕು ಎರಡಕ್ಕೂ ಜಾಗವಿದೆ. ಸವೆದ ಸ್ಪ್ರಿಂಗ್ ಯಾವುದು, ಯಾವ ಗಾರ್ಡ್ ಕೆಲಸಕ್ಕೆ ಅಡ್ಡಬರುತ್ತದೆ ಎಂಬುದು ಯಂತ್ರದ ಮುಂದೆ ನಿಂತವರಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಅವರನ್ನು ಅಪಘಾತದ ಕಾರಣ ಎಂದು ನೋಡುವ ಕಾರ್ಖಾನೆ ಆ ತಿಳಿವಳಿಕೆಯನ್ನು ಕಳೆದುಕೊಳ್ಳುತ್ತದೆ. ಅಪಘಾತ ತಡೆಯಬಲ್ಲವರು ಎಂದು ಕಂಡು, ಅವರ ಮಾತಿಗೆ ಯಂತ್ರ ನಿಲ್ಲಿಸುವ ಬಲ ಕೊಟ್ಟ ಕಾರ್ಖಾನೆಯಲ್ಲಿ ಮಾತ್ರ ಅಪಘಾತಗಳು ಕಾಗದದ ಮೇಲಲ್ಲದೆ ಕೆಲಸದ ಜಾಗದಲ್ಲೇ ಇಳಿಯುತ್ತವೆ.